ಗುಳಿ ಬೀಳದ ಹಾಸಿಗೆ

ಬಹಳ ಹಿಂದೆ, ಬೆಟ್ಟಗಳಿಗೂ ಕಿವಿ ಇದ್ದ ಕಾಲದಲ್ಲಿ, ಬಿಸಿಲಗಿರಿ ಅಂತ ಒಂದು ರಾಜ್ಯವಿತ್ತು. ಅದನ್ನು ಪದ್ದಲದೇವಿ ಅನ್ನುವ ರಾಣಿ ಆಳುತ್ತಿದ್ದಳು. ಅವಳಿಗೆ ಬಾಚರಸ ಅಂತ ಒಬ್ಬ ತಮ್ಮ. ಇವರಿಬ್ಬರನ್ನೂ ಎತ್ತಿ ಆಡಿಸಿದವಳು, ಅಪ್ಪ ಅಮ್ಮ ತೀರಿಕೊಂಡ ಮೇಲೆ ಬೆಳೆಸಿದವಳು ಅರಮನೆಯಲ್ಲಿ ಹಾಸಿಗೆ ಹಾಸುವ ಊಳಿಗದ ಸಂಕಜ್ಜಿ. ರಾಣಿ ಆದರೇನಂತೆ, ತಲೆಗೆ ಎಣ್ಣೆ ಹಚ್ಚಿಸಿಕೊಳ್ಳದಿದ್ದರೆ ಸಂಕಜ್ಜಿಯ ಕೈಲಿ ಬೈಸಿಕೊಳ್ಳಲೇಬೇಕು.

ಬಿಸಿಲಗಿರಿಯಲ್ಲಿ ಒಂದು ಪದ್ಧತಿ. ನೀವು ನಗಬಾರದು, ಅವರಿಗೆ ಅದು ಕಾನೂನು. ದಿನಾ ಬೆಳಗ್ಗೆ ರಾಣಿಯ ಹತ್ತಿ ಹಾಸಿಗೆಯನ್ನು ಆಳುಗಳು ಹೊತ್ತು ತಂದು ಕೋಟೆಬಾಗಿಲ ಮುಂದೆ ಬಿಸಿಲಿಗೆ ಹಾಕಬೇಕು. ಊರಿನ ಹಿರಿಯರು ಬಂದು ಬಗ್ಗಿ ನೋಡಬೇಕು. ಹಾಸಿಗೆಯ ನಡುವೆ ಮೈ ಒತ್ತಿದ ಗುಳಿ ಇದ್ದರೆ, "ರಾಣಿಯವ್ವ ಮಲಗಿದ್ದಾಳೆ, ಇವತ್ತು ನ್ಯಾಯ ಕೇಳಬಹುದು" ಅಂತ ಡಂಗುರ ಹೊಡೆಸಬೇಕು. ಗುಳಿ ಇಲ್ಲದ ದಿನ ದರ್ಬಾರಿಲ್ಲ, ಹುಣ್ಣಿಮೆಯಿಂದ ಹುಣ್ಣಿಮೆಗೆ ಗುಳಿಯೇ ಬೀಳದಿದ್ದರೆ ಸಿಂಹಾಸನವೂ ಇಲ್ಲ. ಯಾವುದೋ ಕಾಲದಲ್ಲಿ ನಿದ್ದೆಗೆಟ್ಟ ರಾಜನೊಬ್ಬ ಮುಂಗೋಪದಲ್ಲಿ ತಪ್ಪಿಲ್ಲದವನನ್ನು ಗಲ್ಲಿಗೆ ಹಾಕಿಸಿಬಿಟ್ಟನಂತೆ. ಅವತ್ತಿನಿಂದ ನಿದ್ದೆಯಾಗದ ದೊರೆಯ ಮುಂದೆ ಯಾರೂ ನ್ಯಾಯಕ್ಕೆ ನಿಲ್ಲುತ್ತಿರಲಿಲ್ಲ. ಅರಮನೆಯವರನ್ನು ನೋಡಿ ಊರಿನವರೂ ಕಲಿತರು. ಬೆಳಗಾದರೆ ಸಾಕು, ಮನೆಮನೆಯ ಹಾಸಿಗೆಯೂ ಅಂಗಳದ ಬಿಸಿಲಿಗೆ ಬಂದು ಬೀಳುತ್ತಿತ್ತು.

ಇದು ಮಾಯಾವಿ ತೂಕಡನ ಕಣ್ಣಿಗೆ ಬಿತ್ತು.

ತೂಕಡ ಎಂಥವನು ಅಂತೀರಿ? ಕಳ್ಳರಲ್ಲೇ ದೊಡ್ಡ ಕಳ್ಳ. ಹೊನ್ನು ಬೇಡ, ಮುತ್ತು ಬೇಡ, ಅವನು ಕದಿಯುತ್ತಿದ್ದುದು ನಿದ್ದೆಯನ್ನು. ಯಾರು ಮಲಗೆದ್ದ ಗುಳಿಯಲ್ಲಿ ಅವನು ಒಂದು ಗಳಿಗೆ ಮೈ ಚೆಲ್ಲುತ್ತಾನೋ, ಅವರ ನಿದ್ದೆಯೆಲ್ಲ ಅವನ ಪಾಲು. ಒಂದು ಮಧ್ಯಾಹ್ನ, ಕಾವಲಿನವರು ಊಟಕ್ಕೆ ಹೋಗಿದ್ದಾಗ, ಅವನು ಸುಂಟರಗಾಳಿಯಾಗಿ ಬಂದ. ರಾಣಿಯ ಹಾಸಿಗೆಯ ಗುಳಿಯಲ್ಲಿ ಉರುಳಿದ. ಆಮೇಲೆ ಅಂಗಳದಿಂದ ಅಂಗಳಕ್ಕೆ ಹಾರಿ ಊರಿನವರ ಹಾಸಿಗೆಯಲ್ಲೆಲ್ಲ ಉರುಳಿದ. ಬಾಚರಸನ ಹಾಸಿಗೆಯನ್ನೂ ಬಿಡಲಿಲ್ಲ, ಸಂಕಜ್ಜಿಯ ಹರಕು ಕೌದಿಯನ್ನೂ ಬಿಡಲಿಲ್ಲ. ಆಮೇಲೆ ತನ್ನ ಬೆಟ್ಟಕ್ಕೆ ಹೋಗಿ ಗೊರಕೆ ಹೊಡೆಯತೊಡಗಿದ. ಒಂದು ರಾಜ್ಯದ ನಿದ್ದೆಯನ್ನೆಲ್ಲ ಒಬ್ಬನೇ ಮಾಡಿದರೆ ಏನಾಗುತ್ತದೆ? ಮೈ ಬೆಳೆಯಿತು. ಬೆಳೆದು ಬೆಳೆದು ಬೆಟ್ಟದ ಮೇಲೆ ಇನ್ನೊಂದು ಬೆಟ್ಟ ಕೂತ ಹಾಗೆ ಕಂಡ.

ಬಿಸಿಲಗಿರಿಯಲ್ಲಿ ಯಾರಿಗೂ ನಿದ್ದೆಯಿಲ್ಲ. ತೊಟ್ಟಿಲ ಕೂಸುಗಳಿಗೆ ಮಾತ್ರ ಉಳಿದಿತ್ತು, ತೊಟ್ಟಿಲನ್ನು ಯಾರೂ ಬಿಸಿಲಿಗೆ ಹಾಕುವುದಿಲ್ಲವಲ್ಲ, ಅದಕ್ಕೆ. ಅಕ್ಕಸಾಲಿಗ ಬಳೆ ಮಾಡಲು ಹೋಗಿ ಕೈ ಸುಟ್ಟುಕೊಂಡ. ಗಂಡ ಹೆಂಡಿರು ಉಪ್ಪಿಗೆ, ಸೊಪ್ಪಿಗೆ ಜಗಳವಾಡಿದರು. ಎಲ್ಲರಿಗಿಂತ ಸೊರಗಿದವಳು ರಾಣಿ. ರಾತ್ರಿಯೆಲ್ಲ ಎದ್ದು ಓಡಾಡುವವಳ ಹಾಸಿಗೆಗೆ ಗುಳಿಯೂ ಬೀಳಲಿಲ್ಲ. ಕಣ್ಣು ಗುಂಡಿಗಿಳಿದು, ಕೈ ನಡುಗಿ, ಒಂದು ದಿನ ತಮ್ಮನನ್ನೇ ಅಪ್ಪ ಅಂತ ಕರೆದುಬಿಟ್ಟಳು.

"ಬಾಚಾ," ಅಂದಳು ಆಮೇಲೆ ತಪ್ಪು ತಿಳಿದು, "ಒಂದು ಕನಸಾದರೂ ಬೀಳಲಿ ಅಂತ ಆಸೆಯಾಗ್ತದೆ ಕಣೋ. ಆದರೆ ಅದಕ್ಕೂ ನಿದ್ದೆ ಬೇಕಲ್ಲ."

ಬಾಚರಸ ಅವಳ ತಲೆಗೆ ತನ್ನ ತೊಡೆ ಕೊಟ್ಟು ಕೂತ.

ಅಷ್ಟರಲ್ಲಿ ಬೆಟ್ಟದ ಮೇಲಿಂದ ತೂಕಡನ ದನಿ ಗುಡುಗಿತು. "ಬಿಸಿಲಗಿರಿಯವರೇ, ಕೇಳಿ! ನಿಮ್ಮ ಗುಳಿಗಳಲ್ಲಿ ಹೊರಳಿ ನಿದ್ದೆ ಕದ್ದವನು ನಾನೇ! ಬರುವ ಹುಣ್ಣಿಮೆಯ ಬೆಳಗ್ಗೆ ನಿಮ್ಮ ರಾಣಿಯ ಹಾಸಿಗೆಯಲ್ಲಿ ಗುಳಿ ಕಾಣದಿದ್ದರೆ, ನಿಮ್ಮ ಕಾನೂನಿನ ಪ್ರಕಾರವೇ ಅವಳು ರಾಣಿಯಲ್ಲ. ಚೆನ್ನಾಗಿ ಮಲಗುವವನು ನಾನೊಬ್ಬನೇ. ಸಿಂಹಾಸನಕ್ಕೆ ನಾನು ಬರುತ್ತೇನೆ. ಬಂದ ದಿನವೇ ನಿಮ್ಮ ಕೂಸುಗಳ ತೊಟ್ಟಿಲನ್ನೂ ಬಿಸಿಲಿಗೆ ಹಾಕಿಸುತ್ತೇನೆ!"

ಊರಿನ ತಾಯಂದಿರೆಲ್ಲ ಕೂಸುಗಳನ್ನು ಎದೆಗೆ ಒತ್ತಿಕೊಂಡರು. ಗುಳಿ ಬೀಳದಿದ್ದರೆ ಸಿಂಹಾಸನ ಹೋಗುತ್ತದೆ, ಬಿದ್ದರೆ ಅದರಲ್ಲೇ ಅವನು ಮತ್ತೆ ಬಂದು ಮಲಗುತ್ತಾನೆ. ಎತ್ತ ಹೋದರೂ ಅವನೇ ಗೆಲ್ಲುವ ಆಟ.

ಬಾಚರಸ ಯೋಚಿಸಿದ. ಸಿಂಹಾಸನದ ಮಾತು ಆಮೇಲೆ, ಮೊದಲು ಅಕ್ಕ ಮಲಗಬೇಕು. ಗುಳಿ ಬೀಳದ ಜಾಗದಲ್ಲಿ ಅಕ್ಕನನ್ನು ಮಲಗಿಸಿದರೆ? ಮೊದಲು ಕಲ್ಲುಹಾಸಿನ ಮೇಲೆ ಮಲಗಿಸಿದ. ಕಲ್ಲಿಗೆ ಗುಳಿ ಬೀಳಲಿಲ್ಲ, ಅಕ್ಕನ ಮೈ ಕಂದಿತು, ನಿದ್ದೆ ಬರಲಿಲ್ಲ. ಎರಡನೆಯದಾಗಿ ಮರಳಿನ ಮೇಲೆ ಮಲಗಿಸಿದ. ಮರಳು ಮೈಯನ್ನು ಹಿತವಾಗಿಯೇ ಹಿಡಿಯಿತು, ಆದರೆ ಎದ್ದಾಗ ಬೆರಳು ಬೆರಳಿನ ಗುರುತೂ ಉಳಿದಿತ್ತು. ಮೂರನೆಯದಾಗಿ ತಾವರೆಕೆರೆಯ ನೀರಿನ ಮೇಲೆ ಮಲಗಿಸಿದ. ನೀರು ಅವಳ ಭಾರವನ್ನೆಲ್ಲ ತೆಗೆದುಕೊಂಡಿತು, ಗುರುತನ್ನೂ ಇಟ್ಟುಕೊಳ್ಳಲಿಲ್ಲ. ರಾಣಿ "ಆಹಾ" ಅಂದಳು, ಬುಳುಕ್ಕನೆ ಮುಳುಗಿದಳು. ಬಾಚರಸ ಜುಟ್ಟು ಹಿಡಿದು ಮೇಲೆತ್ತಿದ್ದಕ್ಕೆ ಉಳಿದಳು. ಸಂಕಜ್ಜಿ ಅವನ ಬೆನ್ನಿಗೆ ಎರಡು ಗುದ್ದಿದಳು.

ಆದರೆ ಬಾಚರಸನಿಗೆ ಒಂದು ವಿಷಯ ಸ್ಪಷ್ಟವಾಯಿತು. ಬೇಕಾದದ್ದು ನೀರಿನ ಹಾಗೆ ಭಾರ ಹೊತ್ತು ಗುರುತು ಮರೆಯುವ ಹಾಸಿಗೆ, ಆದರೆ ಮುಳುಗಿಸಬಾರದು. ಅಂಥದ್ದು ಎಲ್ಲಿದೆ?

ಬೆಳಗಿನ ಜಾವ ಅವನು ಕೋಟೆಯ ಮೇಲೆ ಹತ್ತಿ ನಿಂತ. ಪೂರ್ವದ ಬೆಟ್ಟದಿಂದ ತೂಕಡನ ಗೊರಕೆ ಬರುತ್ತಿತ್ತು. ಕಿವಿ ಮುಚ್ಚಿಕೊಳ್ಳಲು ಹೊರಟ ಬಾಚರಸ ತಟ್ಟನೆ ನಿಂತ. ಪಡುವಣದ ಕಾಡಿನಿಂದ ಇನ್ನೊಂದು ಗೊರಕೆ! ಸಣ್ಣದು, ನಿಧಾನದ್ದು, ಹೊಟ್ಟೆ ತುಂಬಿದವರದ್ದು.

"ಅರೆ! ಇನ್ನೂ ಯಾರೋ ಮಲಗಿದ್ದಾರೆ!" ಅಂತ ಕೂಗಿದವನೇ ಕುದುರೆ ಹತ್ತಿ ಗೊರಕೆಯ ಜಾಡು ಹಿಡಿದು ಹೊರಟ.

ಹೊಳೆ ದಾಟಿದ, ಗೊರಕೆ ಜೋರಾಯಿತು. ಕಣಿವೆ ದಾಟಿದ, ಇನ್ನೂ ಜೋರಾಯಿತು. ಕಾಡಿನ ಒಳಗೆ ಕಾಲಿಟ್ಟಾಗ ಬಾಚರಸ ಉಸಿರು ಹಿಡಿದು ನಿಂತುಬಿಟ್ಟ. ಸುತ್ತಲೂ ಎತ್ತರದ ಮರಗಳು. ಮೇಲೆ ಎಲೆಗಳು ಎಷ್ಟು ಒತ್ತಾಗಿದ್ದವೆಂದರೆ ನಡುಹಗಲಲ್ಲೂ ನೆಲಕ್ಕೆ ಒಂದು ಬಿಸಿಲಕೋಲು ಬಿದ್ದಿರಲಿಲ್ಲ. ಒಂದೊಂದು ಮರದ ತೊಗಟೆಯಲ್ಲೂ ಓರೆಯಾಗಿ ಒಂದು ಗೀರು, ಗೀರಿನ ಕೆಳಗೆ ಒಂದು ತೆಂಗಿನ ಚಿಪ್ಪು. ಗೀರಿನಿಂದ ಬೆಳ್ಳಗೆ ಹಾಲು ಜಿನುಗಿ ಚಿಪ್ಪಿಗೆ ತೊಟ್ಟಿಕ್ಕುತ್ತಿತ್ತು. ಹಾಲು ಕೊಡುತ್ತಾ ಮರಗಳು ಮೆಲ್ಲಗೆ ಉಸಿರಾಡುತ್ತಿದ್ದವು. ಹೌದು, ಉಸಿರಾಡುತ್ತಿದ್ದವು, ಬಾಚರಸ ಕೈ ಇಟ್ಟು ನೋಡಿದ.

ಕಾಡಿನ ನಡುವೆ ಒಂದು ಗವಿ. ಗವಿಯೊಳಗೆ ಹಾಲಿನಂಥ ಬಿಳಿ ಹಾಸಿಗೆಯ ಮೇಲೆ ಒಂದು ಕರಡಿ ಮಲಗಿತ್ತು. ಮೈತುಂಬ ಜೂಲು, ಮೂಗಿನ ಮೇಲೆ ನರೆ.

ಬಾಚರಸನಿಗೆ ಎಬ್ಬಿಸುವ ಆಸೆ. ಆದರೆ ನಿದ್ದೆ ಇಲ್ಲದವನಿಗೆ ಬೇರೆಯವರ ನಿದ್ದೆಯ ಬೆಲೆ ಗೊತ್ತಿರುತ್ತದೆ. ಅವನು ಗವಿಯ ಬಾಗಿಲಲ್ಲಿ ಕೂತ. ಕಾಲಿನ ಮೇಲೆ ಕಟ್ಟಿರುವೆ ಹತ್ತಿದವು, ಅಲುಗಾಡದೆ ಕೂತ. ಕೊನೆಗೊಮ್ಮೆ ಕರಡಿ ಆಕಳಿಸಿ ಕಣ್ಣು ಬಿಟ್ಟಿತು.

"ಎಬ್ಬಿಸಲಿಲ್ಲ. ಅದಕ್ಕೇ ಬದುಕಿದ್ದೀಯ," ಅಂದಿತು. "ನಾನು ಜೂಲವ್ವ. ಏನು ಬೇಕೋ ಹುಡುಗ?"

ಬಾಚರಸ ಕೈಮುಗಿದು ಕತೆಯೆಲ್ಲ ಹೇಳಿದ. "ಅವ್ವಾ, ನಿಮ್ಮ ನಿದ್ದೆ ಹೇಗೆ ಉಳಿಯಿತು?"

"ಆ ತೂಕಡ ಇಲ್ಲಿಗೂ ಬಂದಿದ್ದ. ನಾನು ಜೇನಿಗೆ ಹೋಗಿದ್ದೆ. ಹಾಸಿಗೆ ನೋಡಿದ, ಗುಳಿ ಕಾಣಲಿಲ್ಲ. ಇದರಲ್ಲಿ ಯಾರೂ ಮಲಗೇ ಇಲ್ಲ ಅಂದುಕೊಂಡು ಹೋದ, ಪೆದ್ದ." ಜೂಲವ್ವ ಎದ್ದು ನಿಂತಳು. ಅವಳು ಎದ್ದ ಕೂಡಲೇ ಹಾಸಿಗೆ ಉಸಿರೆಳೆದುಕೊಂಡು ಸಮವಾಯಿತು. ಅಷ್ಟು ದೊಡ್ಡ ಕರಡಿ ಮಲಗಿದ್ದ ಗುರುತು ಕೂದಲೆಳೆಯಷ್ಟೂ ಇರಲಿಲ್ಲ! ಬಾಚರಸ ಬಾಯಿ ಬಿಟ್ಟುಕೊಂಡು ನೋಡಿದ. ಅಂಗೈಯಿಂದ ಒತ್ತಿದ, ಕೆಳಗಿಳಿಯಿತು. ಕೈ ತೆಗೆದ, ಮೇಲೆ ಬಂತು. ಇನ್ನೊಮ್ಮೆ ಒತ್ತಿದ.

"ಸಾಕು ಬಿಡೋ, ಅದಕ್ಕೆ ಕಚಗುಳಿ ಆಗ್ತದೆ," ಅಂದಳು ಜೂಲವ್ವ. "ಬಾ, ನಿನ್ನಕ್ಕನಿಗೂ ಒಂದು ಮಾಡೋಣ. ಮರಗಳನ್ನ ಕೇಳು ಮೊದಲು."

ಬಾಚರಸ ಒಂದೊಂದು ಮರದ ಮುಂದೆಯೂ ಬಗ್ಗಿ, "ನನ್ನಕ್ಕನಿಗೆ ನಿದ್ದೆ ಬೇಕು ತಾಯಿ," ಅಂದ. ಮರಗಳು ಚಿಪ್ಪು ತುಂಬಿಸಿಕೊಟ್ಟವು. ಹಾಲನ್ನು ಕಲ್ಲಿನ ಬಾನಿಗೆ ಸುರಿದು ಬೆತ್ತದ ಕಡೆಗೋಲಿನಿಂದ ಕಡೆಯಬೇಕಾಯಿತು. ಕಡೆದ, ಕಡೆದ, ತೋಳು ಬಿದ್ದುಹೋಗುವ ಹಾಗೆ ಕಡೆದ. ಹಾಲು ಉಬ್ಬಿ ನೊರೆಯಾಯಿತು, ನೊರೆ ಗಟ್ಟಿಯಾಗಿ ಕೋಡು ನಿಂತಿತು. ಅದನ್ನು ಜೂಲವ್ವ ಉದ್ದನೆಯ ಕಲ್ಲುತೊಟ್ಟಿಗೆ ಹೊಯ್ದಳು. ತೊಟ್ಟಿಯ ತಳದಲ್ಲಿ ಸಾಲಾಗಿ ಕಲ್ಲಿನ ಕಡ್ಡಿಗಳು ನಿಂತಿದ್ದವು. ತೊಟ್ಟಿಯ ಅಡಿಯಲ್ಲಿ ಗಂಧಕದ ಬಿಸಿನೀರಿನ ಬುಗ್ಗೆ. ಹಬೆ ಎದ್ದು ನೊರೆಯೆಲ್ಲ ಇಡ್ಲಿಯ ಹಾಗೆ ಬೆಂದಿತು. ಹೊರಗೆ ತೆಗೆದಾಗ ಕಡ್ಡಿ ಇದ್ದಲ್ಲೆಲ್ಲ ತೂತುಗಳು, ತೂತುಗಳಲ್ಲಿ ಗಾಳಿ ಓಡಾಡುತ್ತಿತ್ತು.

"ಈಗ ಕಿವಿಗೊಟ್ಟು ಕೇಳು," ಅಂದಳು ಜೂಲವ್ವ. "ಕದ್ದ ನಿದ್ದೆ ಅವನ ಹತ್ತಿರವೇ ಇರಲಿ. ಈ ಹಾಸಿಗೆ ಹೊಸ ನಿದ್ದೆ ಹುಟ್ಟಿಸ್ತದೆ. ಆದರೆ ಮೂರು ಸಲ ಮಲಗಬೇಕು, ನಡುವೆ ಬೇರೆ ಹಾಸಿಗೆಗೆ ಹೋಗಬಾರದು. ಮೊದಲನೇ ಸಲ ಮೂಗು ಬೇಡ ಅನ್ನುತ್ತೆ, ಹೊಸತರ ವಾಸನೆ ಇರ್ತದೆ. ಎರಡನೇ ಸಲ ಮನಸ್ಸು ಬೇಡ ಅನ್ನುತ್ತೆ, ಹಾಸಿಗೆ ಕೆಳಗಿಂದ ನೂಕಿದ ಹಾಗಾಗ್ತದೆ. ಮೂರನೇ ಸಲ ಮೈ ಬೇಡ ಅನ್ನುತ್ತೆ, ಭುಜ ಸೊಂಟ ಎಲ್ಲ ನೋಯ್ತದೆ. ಮೂರೂ ಸಲ ಮಲಗಿಯೇ ಇರಬೇಕು."

"ಆಮೇಲೆ?"

ಜೂಲವ್ವ ಆಕಳಿಸಿದಳು. "ಆಮೇಲಿನದನ್ನ ಹೇಳೋಕೆ ನನಗೆ ಬರಲ್ಲ. ಹೇಳೋಕೆ ಹೋದಾಗೆಲ್ಲ ನಿದ್ದೆ ಬರ್ತದೆ."

ಆ ಹಾಸಿಗೆ ಹೊರುವುದೆಂದರೆ ಸುಲಭವೇ? ನೋಡಲು ನೊರೆ, ತೂಕಕ್ಕೆ ಎಮ್ಮೆಕರು. ಈ ತುದಿ ಎತ್ತಿದರೆ ಆ ತುದಿ ಬಾಗಿ ಬೀಳುತ್ತದೆ, ಕುಡಿದು ಕಾಲು ನಿಲ್ಲದ ನೆಂಟನನ್ನು ಮನೆಗೆ ಕರೆತಂದ ಹಾಗೆ. ಅಂತೂ ಇಂತೂ ಬಾಚರಸ ಅದನ್ನು ಕುದುರೆಗೆ ಹೇರಿ ಅರಮನೆ ಸೇರಿಸಿದ.

ಸಂಜೆ ರಾಣಿ ಹಾಸಿಗೆಯ ಹತ್ತಿರ ಬಂದು ಮೂಗು ಮುಚ್ಚಿಕೊಂಡಳು. "ಥೂ, ಏನೋ ಇದು ವಾಸನೆ! ಹಾಲು ಕಕ್ಕಿದ ಕರುವಿನ ಬಾಯಿ ಹಾಗೆ!"

"ಮಲಗಕ್ಕಾ, ನನ್ನಾಣೆ," ಅಂದ ಬಾಚರಸ. ಕಿಟಕಿಗಳನ್ನೆಲ್ಲ ತೆರೆದ. ರಾಣಿ ಮಲಗಿದಳು. ನಡುರಾತ್ರಿಯ ಹೊತ್ತಿಗೆ ಗಾಳಿ ವಾಸನೆಯನ್ನು ಸ್ವಲ್ಪ ಸ್ವಲ್ಪವೇ ಒಯ್ದಿತು. ಬೆಳಗಿನ ಜಾವಕ್ಕೆ ಕೋಳಿ ಕಾಳು ಹೆಕ್ಕುವಷ್ಟು ಹೊತ್ತು ಅವಳ ಕಣ್ಣು ಮುಚ್ಚಿತು. ಬಾಚರಸ ಖುಷಿಯಿಂದ ಕುದುರೆಗೆ ಹುಲ್ಲು ಹಾಕಲು ಹೋದ.

ಇತ್ತ ಸಂಕಜ್ಜಿಯ ಸಂಭ್ರಮ ಕೇಳಬೇಕೇ! "ನನ್ನ ಕೂಸು ಮಲಗಿತಲ್ಲಪ್ಪಾ!" ಅಂತ ಕಣ್ಣೊರೆಸಿಕೊಂಡು, ಆಳುಗಳನ್ನು ಕರೆದು, ಹಾಸಿಗೆಯನ್ನು ಹೊರಿಸಿಕೊಂಡು ಹೋಗಿ, ಯಾವತ್ತಿನ ಹಾಗೆ ಕೋಟೆಬಾಗಿಲ ಮುಂದೆ ಬಿಸಿಲಿಗೆ ಹಾಕಿಸಿದಳು. ಅವಳ ಕೈ ಅದೇ ಕೆಲಸ ಮಾಡಿ ಮಾಡಿ ಪಳಗಿತ್ತು. ಬೇರೆ ಏನು ಮಾಡಬೇಕಿತ್ತು ಅವಳು, ಹೇಳಿ?

ಹಿರಿಯರು ಬಗ್ಗಿ ನೋಡಿದರು. ಗುಳಿ ಇಲ್ಲ. ತಲೆಯಾಡಿಸಿಕೊಂಡು ಹೋದರು. ಬಿಸಿಲೇರಿತು. ಬಿಳಿ ಹಾಸಿಗೆ ಹಳದಿಯಾಯಿತು, ಹಳದಿ ಕಂದಾಯಿತು. ನೋಡುನೋಡುತ್ತಿದ್ದಂತೆ ಮೈಯೆಲ್ಲ ಬಿರುಕು ಬಿಟ್ಟು ಪುಡಿಪುಡಿಯಾಗಿ ಉದುರಿತು. ಬಾಚರಸ ಓಡಿ ಬರುವ ಹೊತ್ತಿಗೆ ಗಾಳಿ ಪುಡಿಯನ್ನು ಗುಡಿಸುತ್ತಿತ್ತು.

"ನನ್ನ ಕೈ ಸೇದಿಹೋಗಲಿ!" ಅಂತ ಸಂಕಜ್ಜಿ ಎದೆ ಬಡಿದುಕೊಂಡಳು. ಬೈಯಬೇಕು ಅಂತಿದ್ದ ಬಾಚರಸ ಅವಳ ಮುಖ ನೋಡಿ ಅವಳ ಕಣ್ಣೊರೆಸಿದ. ಮತ್ತೆ ಕುದುರೆ ಹತ್ತಿದ.

"ಬಿಸಿಲಿಗಾ?" ಅಂದಳು ಜೂಲವ್ವ. "ಹಾಸಿಗೆನಾ? ಬಿಸಿಲಿಗಾ?" ಆಮೇಲೆ ಹೊಟ್ಟೆ ಹಿಡಿದುಕೊಂಡು ನಕ್ಕಳು. "ಅಯ್ಯೋ ಶಿವನೇ, ಮಾಡಬೇಡ ಅಂತ ನಾನು ಹೇಳಲೇ ಇಲ್ಲ. ಯಾರಾದರೂ ಹಾಗೂ ಮಾಡ್ತಾರೆ ಅಂತ ನನಗೆ ಹೇಗೋ ಹೊಳೀಬೇಕು? ನೆರಳಲ್ಲೇ ಹುಟ್ಟಿದ ಹಾಲು ಕಣೋ ಅದು!" ನಗು ನಿಲ್ಲಿಸಿ ಮರಗಳ ಕಡೆ ನೋಡಿದಳು. "ಹುಣ್ಣಿಮೆಯೊಳಗೆ ಇವು ಇನ್ನೊಂದೇ ಹಾಸಿಗೆಗೆ ಆಗುವಷ್ಟು ಹಾಲು ಕೊಟ್ಟಾವು. ಅದೂ ಹೋದರೆ ನಿನ್ನಕ್ಕ ಹೋದಳು ಅಂತ ತಿಳ್ಕೊ."

ಬಾಚರಸ ಮತ್ತೆ ಬೇಡಿದ, ಮತ್ತೆ ಕಡೆದ, ಮತ್ತೆ ಹೊತ್ತ.

ರಾಣಿಗೆ ಹೊಸ ಹಾಸಿಗೆ ಬಂದಿದೆ ಅನ್ನುವ ಸುದ್ದಿ ಈ ಸಲ ತೂಕಡನ ಕಿವಿಗೂ ಬಿತ್ತು. ಹುಣ್ಣಿಮೆಯವರೆಗೆ ಅವಳಿಗೆ ಕಣ್ಣು ಹತ್ತಬಾರದು ಅಂತ ಅವನು ವೇಷ ತೊಟ್ಟು ಬಂದ.

ಮೊದಲ ಸಂಜೆ ಅತ್ತರಿನ ವ್ಯಾಪಾರಿಯಾಗಿ ಕಿಟಕಿಯ ಕೆಳಗೆ ನಿಂತ. "ರಾಣಿಯವರೇ, ಇಲ್ಲಿವರೆಗೂ ನಾತ ಬರುತ್ತಿದೆ! ಮಲ್ಲಿಗೆ ಅತ್ತರಿನಲ್ಲಿ ಅದ್ದಿದ ರೇಷ್ಮೆ ಹಾಸಿಗೆ ತಂದಿದ್ದೇನೆ, ಇಳಿದು ಬನ್ನಿ."

ರಾಣಿಗೆ ಆಸೆಯಾಯಿತು. ಕಾಲು ಕೆಳಗಿಟ್ಟೇಬಿಟ್ಟಳು. ಬಾಚರಸ, "ಅಕ್ಕಾ, ವಾಸನೆ ಹೋಗುವಂಥದ್ದು, ಕಿಟಕಿ ತೆರೆದಿದ್ದೇನೆ. ನಿನ್ನ ನಿದ್ದೆ ಹೋದರೆ ಬರುವುದಿಲ್ಲ," ಅಂದ. ರಾಣಿ ಕಾಲು ಮೇಲೆಳೆದುಕೊಂಡಳು. ಬೆಳಗಾಗುವ ಹೊತ್ತಿಗೆ ವಾಸನೆ ಅರ್ಧ ಹೋಗಿತ್ತು, ಉಳಿದರ್ಧ ಅವಳ ಮೂಗಿಗೆ ಒಗ್ಗಿತ್ತು.

ಎರಡನೇ ಸಂಜೆ ಗಿಳಿಯಾಗಿ ಕಿಟಕಿಯ ಮೇಲೆ ಕೂತ. ರಾಣಿ ಆಗಷ್ಟೇ ಮಲಗಿದ್ದಳು. ಹತ್ತಿ ಹಾಸಿಗೆಯಾದರೆ ಮೈಯನ್ನು ಒಳಕ್ಕೆ ನುಂಗುತ್ತಿತ್ತು, ಅವಳಿಗೆ ಅದೇ ಅಭ್ಯಾಸ. ಇದು ನುಂಗುತ್ತಿರಲಿಲ್ಲ. ಸೊಂಟ ಇಳಿದಲ್ಲಿ ಸ್ವಲ್ಪ ಇಳಿದು, ಬೆನ್ನು ಬಾಗಿದಲ್ಲಿ ತಾನೇ ಮೇಲೆ ಬಂದು, ಹೊರಳಿದರೆ ಅವಳ ಜೊತೆಗೇ ಹೊರಳುತ್ತಿತ್ತು. ಜೀವ ಇದ್ದ ಹಾಗಿತ್ತು. ರಾಣಿ ಹೆದರಿ ಎರಡೂ ಅಂಚು ಹಿಡಿದುಕೊಂಡಳು.

"ನೂಕ್ತಿದೆ! ನೂಕ್ತಿದೆ!" ಅಂತ ಕಿರುಚಿತು ಗಿಳಿ. "ರಾಜ್ಯದಿಂದ ನೂಕುವ ಮುಂಚೆ ಹಾಸಿಗೆಯಿಂದಲೇ ನೂಕ್ತಿದೆ!"

"ಬಾಚಾ, ಹೌದು ಕಣೋ, ನೂಕ್ತಿದೆ," ಅಂದಳು ರಾಣಿ.

"ಅಕ್ಕಾ, ಚಿಕ್ಕವರಿದ್ದಾಗ ಹೊಳೆಯಲ್ಲಿ ಈಜು ಕಲಿಸುವಾಗ ಅಪ್ಪ ಹೊಟ್ಟೆಯ ಕೆಳಗೆ ಕೈ ಕೊಡ್ತಿದ್ದರಲ್ಲ, ನೆನಪಿದೆಯಾ? ಆಗಲೂ ನೀನು ಹೀಗೇ ಹೆದರಿದ್ದೆ. ಕೈ ಬಿಡು."

ರಾಣಿ ಒಂದು ಕೈ ಬಿಟ್ಟಳು. ಆಮೇಲೆ ಇನ್ನೊಂದು. ಬೀಳಲಿಲ್ಲ. ಗಿಳಿ ಗಂಟಲು ಒಣಗುವವರೆಗೆ ಕಿರುಚಿ ಹಾರಿಹೋಯಿತು.

ಮೂರನೇ ದಿನ ಬೆಳಗಿನಿಂದಲೇ ರಾಣಿಗೆ ಮೈಕೈ ನೋವು. ಭುಜ ಹಿಡಿದುಕೊಂಡಿತು, ಸೊಂಟ ಸಿಡಿಯಿತು. ಸಂಜೆ ಬಿಳಿಗಡ್ಡದ ವೈದ್ಯನೊಬ್ಬ ಬಂದು ನಾಡಿ ಹಿಡಿದ. ಅವನು ಯಾರು ಅಂತ ನಿಮಗೆ ಗೊತ್ತೇ ಇದೆ. "ಅಯ್ಯಯ್ಯೋ, ಈ ಹಾಸಿಗೆಯ ಹಾಲು ವಿಷದ್ದು. ಇನ್ನೊಂದು ಸಲ ಮಲಗಿದರೆ ಬೆನ್ನುಮೂಳೆ ಮುರಿಯುತ್ತದೆ. ಈಗಲೇ ಸುಡಿಸಿ," ಅಂದ.

ಈ ಸಲ ಬಾಚರಸನೂ ಅಳುಕಿದ. ಅಕ್ಕನ ನೋವು ಅವನ ಕಣ್ಣ ಮುಂದೆಯೇ ಇತ್ತು. ನೋವಾಗುತ್ತೆ ಅಂತ ಜೂಲವ್ವ ಹೇಳಿದ್ದಳು ನಿಜ, ಆದರೆ ಇಷ್ಟು ನೋವೇ? ಕರಡಿಯ ಮೈಗೂ ಮನುಷ್ಯರ ಮೈಗೂ ಒಂದೇ ಲೆಕ್ಕವೇ? ರಾಣಿ ಅಳುತ್ತಾ, "ನನ್ನ ಕೈಲಾಗಲ್ಲ ಬಾಚಾ, ನನ್ನ ಹಳೇ ಹಾಸಿಗೆ ಕೊಟ್ಟುಬಿಡು," ಅಂದಳು.

ಆಗ ಮೂಲೆಯಲ್ಲಿ ಕೂತಿದ್ದ ಸಂಕಜ್ಜಿ ಸೆರಗು ಸಿಕ್ಕಿಸಿ ಎದ್ದಳು. ಒಂದು ಹಾಸಿಗೆಯನ್ನು ತನ್ನ ಕೈಯಾರೆ ಹಾಳುಮಾಡಿದವಳು, ಇನ್ನೊಂದನ್ನು ಬಿಟ್ಟಾಳೆಯೇ? "ಹಳೇ ಹಾಸಿಗೇನಾ? ಆ ಗುಳಿಯಲ್ಲಿ ಮುದುರಿ ಮುದುರಿ ನಿನ್ನ ಮೈ ಬಿಲ್ಲಿನ ಹಾಗೆ ಬಗ್ಗಿಹೋಗಿದೆ ಕಣೇ. ಆ ಗುಳಿ ಮಾಡಿದವಳೂ ನಾನೇ, ದಿನಾ ಅದೇ ಜಾಗದಲ್ಲಿ ಮಲಗಿಸಿ. ಈಗ ನೆಟ್ಟಗಾಗುವಾಗ ನೋಯದೆ ಇರುತ್ತಾ? ನೀನು ಹೆಜ್ಜೆಯಿಡೋಕೆ ಕಲಿಯುವಾಗಲೂ ಕಾಲುನೋವು ಅಂತ ಅತ್ತಿದ್ದೆ. ಆಗ ಎತ್ತಿಕೊಂಡೇ ಇದ್ದಿದ್ದರೆ ಇವತ್ತು ನಡೀತಿದ್ದೆಯಾ?" ವೈದ್ಯನ ಕಡೆ ತಿರುಗಿದಳು. "ಏಳಯ್ಯಾ ನೀನು ಮೇಲೆ!" ಪೊರಕೆ ತಗೊಂಡು ಅವನನ್ನು ಮೆಟ್ಟಿಲವರೆಗೂ ಅಟ್ಟಿದಳು. ಆಮೇಲೆ ಎಣ್ಣೆ ಬಿಸಿ ಮಾಡಿ ತಂದು ರಾಣಿಯ ಭುಜ, ಬೆನ್ನು, ಸೊಂಟ ನೀವಿದಳು. ನೀವುತ್ತಾ ನೀವುತ್ತಾ, "ಮಲಕ್ಕೋ ನನ್ನವ್ವ," ಅಂದಳು.

ಆಗ ಆದದ್ದನ್ನು ಹೇಗೆ ಹೇಳಲಿ? ರಾಣಿಯ ಹುಬ್ಬಿನ ಗಂಟು ಬಿಚ್ಚಿತು. ಬಿಗಿಹಿಡಿದ ಮುಷ್ಟಿ ತಾನಾಗಿಯೇ ತೆರೆಯಿತು. ಭುಜ ಇಳಿಯಿತು, ಹಾಸಿಗೆ ಅದಕ್ಕೆ ಜಾಗ ಕೊಟ್ಟಿತು. ಸೊಂಟ ಇಳಿಯಿತು, ಅದಕ್ಕೂ ಜಾಗ ಕೊಟ್ಟಿತು. ಕೋಣೆಯ ಗಾಳಿ ಹಾಲುಮರಗಳ ನೆರಳಿನ ಹಾಗೆ ತಂಪಾಯಿತು. ಅವಳ ಉಸಿರು ನಿಧಾನವಾಗಿ, ಉದ್ದವಾಗಿ, ಆಳವಾಗಿ ಹೋಗತೊಡಗಿತು, ಅದರ ಜೊತೆಗೆ ಹಾಸಿಗೆಯೂ ಉಸಿರಾಡಿತು. ಬಾಚರಸ ಮಂಡಿಯೂರಿ ಕೂತು ನೋಡಿದ. ದೇವರ ಗುಡಿಯಲ್ಲಿ ಕೂತ ಹಾಗೆ ಕೂತಿದ್ದ. ಸಂಕಜ್ಜಿ ಆ ಬದಿಯಲ್ಲಿ ಕೂತರೂ, ಎದ್ದರೂ, ಈ ಬದಿಯಲ್ಲಿ ರಾಣಿಗೆ ಒಂದಿಷ್ಟೂ ಅಲುಗಾಟ ತಟ್ಟಲಿಲ್ಲ. ಪದ್ದಲದೇವಿ ಮಲಗಿದ್ದಳು! ಇಬ್ಬರೂ ಬಾಯಿಗೆ ಸೆರಗು, ಉತ್ತರೀಯ ಒತ್ತಿಕೊಂಡು, ಸದ್ದಾಗದ ಹಾಗೆ ಅತ್ತರು.

ಹುಣ್ಣಿಮೆಯ ಬೆಳಗಾಯಿತು. ಬಾಚರಸ ಕೋಟೆಬಾಗಿಲ ಮುಂದೆ ದಟ್ಟವಾದ ಸೋಗೆಯ ಚಪ್ಪರ ಹಾಕಿಸಿ, ಅದರ ನೆರಳಿಗೆ ಹಾಸಿಗೆ ತರಿಸಿದ. ರಾಜ್ಯವೇ ನೆರೆಯಿತು. ಹಿರಿಯರು ಬಗ್ಗಿ ನೋಡಿದರು. ಹಾಸಿಗೆ ಸಾಣೆ ಹಿಡಿದ ಕಲ್ಲಿನ ಹಾಗೆ ಸಮ.

"ಗುಳಿ ಇಲ್ಲ," ಅಂದರು.

ನೆಲ ನಡುಗಿತು. ತೂಕಡ ಬಂದ. ಅವನ ತಲೆ ಕೋಟೆಯ ತೆನೆಗಳಿಗಿಂತ ಎತ್ತರ, ಅವನ ನೆರಳು ಊರ ತುಂಬ. "ಹಾಗಾದರೆ ಇಳಿ ಸಿಂಹಾಸನದಿಂದ," ಅಂದ.

ಪದ್ದಲದೇವಿ ಹೊರಗೆ ಬಂದಳು. ಕಣ್ಣು ತಿಳಿಯಾಗಿತ್ತು, ದನಿ ನಡುಗಲಿಲ್ಲ. "ನಾನು ಮಲಗಿದ್ದೆ. ಆದರೆ ನೀವು ಗುಳಿಯನ್ನೇ ಕೇಳುತ್ತೀರಿ. ಆಗಲಿ. ಸಿಂಹಾಸನ ಕೇಳುವವರೂ ಗುಳಿ ತೋರಿಸಬೇಕು, ಅದೂ ನಮ್ಮ ಕಾನೂನು. ತೂಕಡ, ಈ ಹಾಸಿಗೆಯ ಮೇಲೆ ನೀನು ಮಲಗಿ ತೋರಿಸು."

ತೂಕಡ ಗಹಗಹಿಸಿ ನಕ್ಕ. "ನನಗೆ ಗುಳಿಯ ಸವಾಲೇ?" ಅಂತ ಮೈ ಚೆಲ್ಲಿದ. ಹಾಸಿಗೆ ಅವನಿಗೆ ತಕ್ಕಷ್ಟು ಹಿಗ್ಗಿತು, ಕೆರೆಯಂಗಳದಷ್ಟು ತಗ್ಗಿತು. ಜನ ಹೋ ಅಂತ ಅತ್ತರು. "ನೋಡಿಕೊಳ್ಳಿ!" ಅಂತ ಅವನು ಎದ್ದ. ಹಾಸಿಗೆ ಉಸಿರೆಳೆದುಕೊಂಡು ಸಮವಾಯಿತು.

ತೂಕಡನ ನಗು ನಿಂತಿತು. ಎರಡನೇ ಸಲ ಬಿದ್ದ, ಹೊರಳಿದ, ಮೊಣಕೈಯಿಂದ ತಿವಿದ. ಎದ್ದ. ಸಮ. ಮೂರನೇ ಸಲ ಹಲ್ಲು ಕಡಿದು, ಆಕಾಶಕ್ಕೆ ಜಿಗಿದು, ಕದ್ದ ನಿದ್ದೆಯ ಭಾರವನ್ನೆಲ್ಲ ಸೇರಿಸಿ ಬಿದ್ದ. ಹಾಸಿಗೆ ನೆಲದವರೆಗೂ ಇಳಿಯಿತು, ಇಳಿದು ಒಂದು ಕ್ಷಣ ನಿಂತಿತು. ಆಮೇಲೆ ಅವನು ಕೊಟ್ಟ ಭಾರವನ್ನೆಲ್ಲ ಅವನಿಗೇ ತಿರುಗಿ ಕೊಟ್ಟಿತು.

ತೂಕಡನ ಬಾಯಿ ತೆರೆಯಿತು. ಬಾಯಿಂದ ನಿದ್ದೆಗಳು ಹಾರಿ ಬಂದವು. ಬೂದುಬಣ್ಣದ ಪುಟ್ಟ ಪುಟ್ಟ ಮೋಡಗಳು, ಸಾವಿರಾರು, ಸದ್ದೇ ಇಲ್ಲದೆ. ಒಂದೊಂದು ಮೋಡವೂ ತನ್ನವರನ್ನು ಹುಡುಕಿಕೊಂಡು ಹೋಗಿ ಅವರ ರೆಪ್ಪೆಯ ಮೇಲೆ ಕೂತಿತು. ಅಕ್ಕಸಾಲಿಗ ನಿಂತಲ್ಲೇ ಕುಸಿದು ಮಲಗಿದ. ಜಗಳವಾಡಿದ ಗಂಡ ಹೆಂಡಿರು ಒಬ್ಬರ ಹೆಗಲಿಗೊಬ್ಬರು ಒರಗಿ ಮಲಗಿದರು. ಹಿರಿಯರು ದೊಣ್ಣೆ ಹಿಡಿದೇ ಮಲಗಿದರು. ಬಾಚರಸ ಕುದುರೆಯ ಕುತ್ತಿಗೆಗೆ ತಲೆ ಆನಿಸಿ ಮಲಗಿದ. ಸಂಕಜ್ಜಿ ಚಪ್ಪರದ ಕಂಬ ತಬ್ಬಿಕೊಂಡು ಗೊರಕೆ ಹೊಡೆದಳು. ನಡುಹಗಲಲ್ಲಿ ಒಂದು ರಾಜ್ಯಕ್ಕೆ ರಾಜ್ಯವೇ ನಿದ್ದೆ ಹೋಯಿತು, ಆ ನಿಶ್ಶಬ್ದಕ್ಕೆ ಹಕ್ಕಿಗಳೂ ದನಿ ತಗ್ಗಿಸಿದವು.

ಎದ್ದಿದ್ದವರು ಇಬ್ಬರೇ. ಹೊಟ್ಟೆ ತುಂಬ ನಿದ್ದೆ ಮಾಡಿದ್ದ ರಾಣಿ, ನಿದ್ದೆಯೆಲ್ಲ ಕಳೆದುಕೊಂಡ ತೂಕಡ. ಬೆಟ್ಟದಂಥ ಮೈ ಕರಗಿ, ಹಾಸಿಗೆಯ ಅಂಚಿನಲ್ಲಿ ಒಬ್ಬ ಸಣಕಲು ಮನುಷ್ಯ ಕೂತಿದ್ದ. ಕಣ್ಣು ಕೆಂಪಾಗಿತ್ತು, ಕೈ ನಡುಗುತ್ತಿತ್ತು. ಆ ನಡುಕ ರಾಣಿಗೆ ಗುರುತಿತ್ತು.

ಪಕ್ಕದಲ್ಲೇ ಕಾವಲಿನವನ ಕತ್ತಿ ಬಿದ್ದಿತ್ತು. ರಾಣಿ ಅದನ್ನು ಎತ್ತಿಕೊಂಡಳು. ನಿದ್ದೆ ಇಲ್ಲದ ದಿನಗಳಲ್ಲಿ ಆ ಕತ್ತಿಯನ್ನು ಅವನ ಕುತ್ತಿಗೆಗೆ ಹಾಕುವುದನ್ನು ಅವಳು ಎಷ್ಟು ಸಲ ಎಣಿಸಿಕೊಂಡಿದ್ದಳೋ! ತೂಕಡ ತಲೆ ತಗ್ಗಿಸಿದ.

"ನಿನ್ನದೇ ನಿದ್ದೆ ಎಲ್ಲಿ ಹೋಯಿತು?" ಅಂತ ಕೇಳಿದಳು ರಾಣಿ.

"ನನಗೆ ಇರಲೇ ಇಲ್ಲ ತಾಯಿ," ಅಂದ ತೂಕಡ. "ಹುಟ್ಟಿದಾಗಿನಿಂದ ಇರಲಿಲ್ಲ. ಅದಕ್ಕೇ ಕದ್ದೆ."

ರಾಣಿ ನಿದ್ದೆ ಹೋದ ತನ್ನ ಜನರ ಕಡೆ ಒಮ್ಮೆ ನೋಡಿದಳು. ಆಮೇಲೆ ಕತ್ತಿಯನ್ನು ಕಾವಲಿನವನ ಪಕ್ಕದಲ್ಲೇ ಮೆಲ್ಲಗೆ ಇಟ್ಟಳು, ಅವನಿಗೆ ಎಚ್ಚರವಾಗದ ಹಾಗೆ.

ಜನ ಏಳುವ ಹೊತ್ತಿಗೆ ಸಂಜೆಯಾಗಿತ್ತು. ರಾಣಿ ಅವರ ಮುಂದೆ ನಿಂತು ತೀರ್ಪು ಹೇಳಿದಳು. "ಇವನು ನಮ್ಮೆಲ್ಲರ ನಿದ್ದೆ ಕದ್ದಿದ್ದಾನೆ. ಹಾಲುಮರಗಳ ಕಾಡಿಗೆ ಹೋಗಿ, ಜೂಲವ್ವನ ಕೈ ಕೆಳಗೆ ಹಾಲು ಕಡೆದು, ಈ ರಾಜ್ಯದ ಪ್ರತಿ ಮನೆಗೂ ಒಂದು ಹಾಸಿಗೆ ಮಾಡಿಕೊಡಲಿ. ಅದು ಅವನ ಶಿಕ್ಷೆ. ಎಲ್ಲ ಮುಗಿದ ಮೇಲೆ ಒಂದು ಹಾಸಿಗೆ ತನಗೇ ಮಾಡಿಕೊಳ್ಳಲಿ. ಈ ನೆಲದಲ್ಲಿ ನಿದ್ದೆ ಇಲ್ಲದವರು ಯಾರೂ ಇರಬಾರದು, ಅವನೂ ಕೂಡ."

ಹಿರಿಯರು ಒಬ್ಬರ ಮುಖ ಒಬ್ಬರು ನೋಡಿದರು. ಅವರಲ್ಲಿ ಎಲ್ಲರಿಗಿಂತ ಹಿರಿಯವನು ದೊಣ್ಣೆ ಊರಿಕೊಂಡು ಮುಂದೆ ಬಂದ. ಹ್ಞಾಂ, ಅವನು ಹಾಸಿಗೆಯ ಕಡೆ ಕಣ್ಣೆತ್ತಿಯೂ ನೋಡಲಿಲ್ಲ. ರಾಣಿಗೆ ಕೈಮುಗಿದು, "ನಮ್ಮ ರಾಣಿಯವ್ವ ಮಲಗಿದ್ದಾಳೆ," ಅಂದ.

ಅವತ್ತಿನಿಂದ ಬಿಸಿಲಗಿರಿಯಲ್ಲಿ ಯಾರೂ ರಾಣಿಯ ಹಾಸಿಗೆ ಬಗ್ಗಿ ನೋಡಲಿಲ್ಲ, ಅವಳು ಹೇಳಿದ ನ್ಯಾಯವನ್ನು ನೋಡಿದರು. ಪದ್ದಲದೇವಿ ಬಹಳ ಕಾಲ ಆಳಿದಳು, ಬಾಚರಸ ಮದುವೆಯಾಗಿ ಮಕ್ಕಳ ತಂದೆಯಾದ, ಸಂಕಜ್ಜಿ ಆ ಮಕ್ಕಳನ್ನೂ ಬೈದುಕೊಂಡೇ ಬೆಳೆಸಿದಳು. ತೂಕಡನ ಕೊನೆಯ ಹಾಸಿಗೆ ಬೆಂದು ಬಂದ ದಿನ ಅವನು ಅಳುತ್ತಲೇ ಅದರ ಮೇಲೆ ಮಲಗಿದನಂತೆ. ಮೂರನೇ ಸಲಕ್ಕೆ ಅವನಿಗೂ ಬಂತು, ಯಾರಿಂದಲೂ ಕದಿಯದ ನಿದ್ದೆ.